ಅಂಕ ತೋರಿಸಿ

ಜೂನ್ ೧೪, ಭಾನುವಾರ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದ. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬಲಗಣ್ಣಿಗೆ ಇನ್ನೂ ಪಟ್ಟಿ ಕಟ್ಟಿದ್ದಾರೆ. ಒಂದೇ ಕಣ್ಣಲ್ಲಿ ಬರೆದರೆ ಸಾಲು ಬೆಟ್ಟ ಹತ್ತುತ್ತದೆ. ಸೊಟ್ಟ ಅಕ್ಷರ ಬರೆದ ಮಕ್ಕಳನ್ನು ಜೀವಮಾನವಿಡೀ ಗದರಿದವನಿಗೆ ತಕ್ಕ ಶಾಸ್ತಿ!

ಶಾಲೆಯಲ್ಲಿ ಗಲಾಟೆಯಾಗಿ ಕಲ್ಲು ತಾಗಿತು ಎಂದು ಅಮ್ಮ ನಿನಗೆ ಫೋನಿನಲ್ಲಿ ಹೇಳಿದಳಂತೆ. ಕಲ್ಲಲ್ಲ ಮಗಳೇ. ಅವಳಿಗೆ ಬಾಯಿ ಬರಲಿಲ್ಲ, ಅಷ್ಟೇ. ನಾನೇ ಹೇಳುತ್ತೇನೆ.

ನಮ್ಮ ಸರ್ಕಾರಿ ಹೈಸ್ಕೂಲಿಗೆ ಎಂಥ ನೂಕುನುಗ್ಗಲು ಎಂದು ನಿನಗೆ ಗೊತ್ತೇ ಇದೆ. ಪ್ರವೇಶ ಪರೀಕ್ಷೆ, ಅದಾದ ಮೇಲೆ ಸಂದರ್ಶನ. ಕೊನೆಗೆ ಗೋಡೆಯ ಮೇಲೆ ಆಯ್ಕೆಯಾದವರ ಹೆಸರು ಮಾತ್ರ. ಹೆಸರಿನ ಪಕ್ಕ ಅಂಕವನ್ನೂ ಹಾಕಿ ಎಂದು ಪ್ರತಿ ವರ್ಷ ಸಭೆಯಲ್ಲಿ ಕೇಳುತ್ತಿದ್ದೆ. ಹೆಡ್ಮಾಸ್ಟರು ನಗುತ್ತಿದ್ದರು: "ಮೇಷ್ಟ್ರೇ, ಅಂಕ ಹಾಕಿದ್ರೆ ಒಬ್ಬೊಬ್ಬ ಅಪ್ಪನೂ ವಕೀಲನಾಗ್ತಾನೆ. ಸುಮ್ನಿರಿ."

ಈ ಸಲ ನಿನ್ನ ತಮ್ಮನ ಮಗಳು ಗುಬ್ಬಿಯೂ ಪರೀಕ್ಷೆ ಬರೆದಳು. ಹಾಗಾಗಿ ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಸಂದರ್ಶನ ಯಾವುದಕ್ಕೂ ನಾನು ಕೈ ಹಾಕಲಿಲ್ಲ. ನಿನ್ನ ತಮ್ಮ ಅಂದೇ ಕೇಳಿದ್ದ: "ಅಪ್ಪ, ನೀವು ಹೊರಗೆ ನಿಂತ್ರಿ, ಸರಿ. ಒಳಗೆ ಏನ್ ನಡೀತಿದೆ ಅಂತ ನೋಡೋರು ಯಾರು?" ನಂಬಿಕೆ ಇಡೋ ಎಂದೆ.

ಹೆಸರು ಹಾಕಿದ ಬೆಳಿಗ್ಗೆ ಗುಬ್ಬಿ ಗೋಡೆಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಿದಳು. ಮತ್ತೆ ಕೆಳಗಿಂದ ಮೇಲಕ್ಕೆ ಓದಿದಳು. ತನ್ನ ಹೆಸರು ಸಿಗದೆ ಮನೆಯ ಕಡೆ ಓಡಿದಳು. ಅಷ್ಟರಲ್ಲಿ ಅಂಗಳ ತುಂಬಿತ್ತು. ಯಾರೋ "ಅಂಕ ತೋರಿಸಿ" ಎಂದರು. ಹತ್ತು ಬಾಯಿ, ನೂರು ಬಾಯಿ ಅದನ್ನೇ ಕೂಗಿದವು. ಹೆಡ್ಮಾಸ್ಟರು ಕೋಣೆಯ ಚಿಲಕ ಹಾಕಿಕೊಂಡರು. ಆ ಚಿಲಕದ ಸದ್ದೇ ಬೆಂಕಿಗೆ ತುಪ್ಪವಾಯಿತು.

ಗೇಟು ಮುರಿಯಿತು. ತಡೆಯಲು ಹೋದ ಕಾವಲುಗಾರನನ್ನು ನೆಲಕ್ಕೆ ಕೆಡವಿ ತುಳಿದರು. ಅವನ ಪಕ್ಕೆಲುಬು ಮುರಿದದ್ದು ನನ್ನ ಕಿವಿಗೇ ಕೇಳಿತು. ಬೆಂಚುಗಳು ಕಿಟಕಿ ಸೀಳಿಕೊಂಡು ಹೊರಗೆ ಬಿದ್ದವು. ಪ್ರಯೋಗಾಲಯದ ಗಾಜೆಲ್ಲ ಪುಡಿಪುಡಿ. ನನ್ನ ಹತ್ತಿರ ಲೆಕ್ಕ ಕಲಿತು ಹೋದ ದರ್ಜಿ ಹೆಂಗಸೊಬ್ಬಳು, ದಾರಿಯಲ್ಲಿ ಕಂಡರೆ ಕೈ ಮುಗಿಯುವವಳು, ಗುಮಾಸ್ತನ ಕೂದಲು ಹಿಡಿದು ಗೋಡೆಗೆ ತಲೆ ಬಡಿಯುತ್ತಿದ್ದಳು. "ನನ್ನ ಮಗ ಎಲ್ಲಿ ತಪ್ಪಿದ ಹೇಳೋ, ಅಷ್ಟು ಹೇಳೋ" ಎಂದು ಅಳುತ್ತಲೇ ಬಡಿಯುತ್ತಿದ್ದಳು.

ಹೆಡ್ಮಾಸ್ಟರ ಬಾಗಿಲು ಒಡೆಯಿತು. ಅವರನ್ನು ಕಾಲರ್ ಹಿಡಿದು ಹೊರಗೆಳೆದು, ಕೈ ತಿರುಚಿ ಮುರಿದರು. ಇನ್ನೂ ಏಟು ಬೀಳದಿರಲೆಂದು ಗುಂಪಿನಲ್ಲಿ ನುಗ್ಗಿ ನಾನು ಅವರ ಮೇಲೆ ಅಡ್ಡ ಬಿದ್ದೆ. ಬೆನ್ನಿಗೆ ಕಬ್ಬಿಣದ ಏಟು ಬಿತ್ತು. ತಿರುಗಿ ನೋಡಿದರೆ ಬಸ್ ಡಿಪೋದಿಂದ ನೇರ ಬಂದಿದ್ದ ನಿನ್ನ ತಮ್ಮ. ಮೈಯೆಲ್ಲ ಗ್ರೀಸು, ಕೈಯಲ್ಲಿ ಚಕ್ರ ಬಿಚ್ಚುವ ಸಲಾಕೆ.

ಮೊದಲನೆಯದು ಗೊತ್ತಿಲ್ಲದೆ ಬಿದ್ದ ಏಟು ಮಗಳೇ. ಎರಡನೆಯದನ್ನು ನನ್ನ ಮುಖ ನೋಡಿಯೇ ಹೊಡೆದ. ಮಾತು ಬಂದಾಗಿನಿಂದ ನನಗೆ 'ನೀವು' ಎನ್ನುತ್ತಿದ್ದವನು, "ನಿನ್ನ ನ್ಯಾಯ ನೀನೇ ಇಟ್ಕೊಂಡು ಸಾಯಿ" ಎಂದ. ಕಣ್ಣಿಗೆ ಬಿಸಿನೀರು ಎರಚಿದ ಹಾಗಾಯಿತು. ಆಮೇಲೆ ಸಲಾಕೆ ಕೆಳಗೆ ಬಿದ್ದ ಸದ್ದು, ಅವನು "ಅಪ್ಪಾ" ಎಂದು ಕಿರುಚಿದ್ದು. ಮುಂದೆ ನೆನಪಿಲ್ಲ.

ಆಸ್ಪತ್ರೆಯಲ್ಲಿ ಪೊಲೀಸರು ಯಾರು ಹೊಡೆದರೆಂದು ಕೇಳಿದರು. ನನ್ನ ಮಗ ಎಂದೆ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಬಲಗಣ್ಣು ಇನ್ನು ಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅವನಿಗೆ ಜಾಮೀನು ಸಿಕ್ಕಿದೆ. ದಿನಾ ಸಂಜೆ ಬಂದು ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಅಮ್ಮ ಅವನ ಮುಂದೆ ತಟ್ಟೆ ಇಡುತ್ತಾಳೆ, ಮುಖ ನೋಡುವುದಿಲ್ಲ. "ಹೊಡೆದವನೂ ನನ್ನ ಹೊಟ್ಟೇಲಿ ಹುಟ್ಟಿದವ್ನು, ಹೊಡೆಸ್ಕೊಂಡವರೂ ನನ್ನೋರು. ನಾನು ಯಾರಿಗೆ ಶಾಪ ಹಾಕ್ಲಿ?" ಎನ್ನುತ್ತಾಳೆ. ನಾನೂ ಮಾತಾಡಿಸಿಲ್ಲ. ಕ್ಷಮಿಸಿಬಿಡೋಣ, ಆದರೆ ಇನ್ನೆರಡು ದಿನ ಬೇಯಲಿ ಎಂದುಕೊಂಡಿದ್ದೆ.

ನೀನು ಗಾಬರಿಬಿದ್ದು ಓಡಿ ಬರಬೇಡ. ಅಳಿಯಂದಿರ ಕೆಮ್ಮು ಮೊದಲು ವಾಸಿಯಾಗಲಿ. ಮೊಮ್ಮಗನ ಕೆನ್ನೆಗೆ ತಾತನ ಮುತ್ತು. ನೀವೆಲ್ಲ ತಣ್ಣಗಿರಿ.

ಇಂತಿ ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನಿನ್ನೆ ಹೆಡ್ಮಾಸ್ಟರು ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಮನೆಗೆ ಬಂದಿದ್ದರು. ಎಲ್ಲರ ಅಂಕವನ್ನೂ ನಾಳೆ ಗೋಡೆಗೆ ಹಾಕಬೇಕೆಂದು ಮೇಲಿನಿಂದ ಆದೇಶವಾಗಿದೆಯಂತೆ. "ನೀವು ಅಲ್ಲಿ ನೋಡೋಕೆ ಮುಂಚೆ ನಾನೇ ಹೇಳ್ಬೇಕು ಅಂತ ಬಂದೆ ಮೇಷ್ಟ್ರೇ. ನಿಮ್ಮ ಮೊಮ್ಮಗಳು ನಾಲ್ಕನೆಯವಳಾಗಿ ಪಾಸಾಗಿದ್ಲು. ಮೇಷ್ಟ್ರ ಮೊಮ್ಮಗಳಿಗೆ ಸೀಟು ಅಂದ್ರೆ ಜನ ಏನಂತಾರೆ? ನಿಮ್ಮ ಹೆಸರು ಕೆಡಬಾರ್ದು ಅಂತ ನಾನೇ ತೆಗೆಸ್ದೆ" ಎಂದರು. ನನಗೆ ಉಪಕಾರ ಮಾಡಿದವರ ಧ್ವನಿಯಲ್ಲೇ ಹೇಳಿದರು, ಮಗಳೇ.

ಗುಬ್ಬಿ ಅಂದಿನಿಂದ ಪುಸ್ತಕ ಮುಟ್ಟಿಲ್ಲ. "ನಂಗೆ ತಲೆ ಇಲ್ಲ ಅಜ್ಜಿ, ಇನ್ನು ಓದು ಅನ್ಬೇಡಿ" ಎಂದಳಂತೆ. ಇವತ್ತು ಅವಳನ್ನೂ ಕರೆದುಕೊಂಡು ಬಾ ಎಂದು ನಿನ್ನ ತಮ್ಮನಿಗೆ ಹೇಳಿ ಕಳಿಸಿದ್ದೇನೆ. ಮೊದಲು ಅವಳಿಗೆ ಹೇಳುತ್ತೇನೆ, ಅವಳ ಅಪ್ಪನ ಎದುರಿಗೇ. ಕೇಳಿದ ಮೇಲೆ ಅವನು ಮೂರನೆಯ ಏಟಿಗೆ ಕೈ ಎತ್ತಿದರೂ ನಾನು ಅಡ್ಡ ಹಿಡಿಯುವುದಿಲ್ಲ.