ಮುಳ್ಳು ಹತ್ತರಲ್ಲೇ ಇತ್ತು

ನನ್ನ ಮುದ್ದು ಅಪ್ಪಾ,

ಮದುವೆಯಾಗಿ ಹದಿನೆಂಟೇ ದಿನ. ಮೊನ್ನೆ ಶುಕ್ರವಾರದವರೆಗೂ ನನ್ನ ಕಾಲು ನೆಲದ ಮೇಲೇ ಇರಲಿಲ್ಲ, ಅಷ್ಟು ಖುಷಿ! ನನ್ನ ಕಾನ್ವೆಂಟ್ ಕನ್ನಡಕ್ಕೆ ನಗದೆ ಓದಿ.

ಕೆರೆಯ ಅಧಿಕಾರಿಯಾಗಿ ನೀವು ಬರೆಯುವ ವರದಿಯಲ್ಲಿ ನಿಮ್ಮ ಅಳಿಯ ವೇಗಮಿತಿ ಮೀರಿದರೆಂದು ದಯವಿಟ್ಟು ಬರೆಯಬೇಡಿ. ಅವರು ಹಾಗೆ ಒಪ್ಪಿಕೊಂಡದ್ದು ನನ್ನನ್ನು ಉಳಿಸಲು. ಅವರು ನಡೆಸುತ್ತಿದ್ದ ಬೋಟು ನಿಮ್ಮ ವೇಗಮಿತಿ ಫಲಕದಲ್ಲಿರುವಂತೆ ಗಂಟೆಗೆ ಹತ್ತು ಕಿಲೋಮೀಟರಿನಲ್ಲೇ ಹೋಗುತ್ತಿತ್ತು. ಹಿಂದಿನ ಸೀಟಿನಿಂದ ನಾನೇ ಫೋನ್ ಹಿಡಿದು, "ರೀ, ಇಲ್ಲಿ ನೋಡ್ರೀ, ಒಂದೇ ಒಂದು ಫೋಟೋ!" ಎಂದು ಕರೆದೆ. ಅವರು ತಿರುಗಿ ನಕ್ಕರು. ಆಗಲೇ ಎದುರಿನ ಮೀನುಗಾರನ ದೋಣಿಗೆ ಡಿಕ್ಕಿಯಾದದ್ದು.

ಸತ್ತ ಮೀನುಗಾರನ ಹೆಂಡತಿ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನಮ್ಮೋರ ದೋಣಿ ಕಾಣಿಸಲೇ ಇಲ್ವೇನಮ್ಮಾ?" ಎಂದು ಕೇಳಿದರು. "ಸ್ಪೀಡ್ ಜಾಸ್ತಿಯಾಗಿತ್ತು" ಎಂದುಬಿಟ್ಟೆ. ನಾಳೆ ಅವರಿಗೆ ನಿಜ ಹೇಳಬೇಕು. ನೀವೂ ಜೊತೆಗೆ ಬನ್ನಿ ಅಪ್ಪಾ, ಒಬ್ಬಳೇ ಹೋಗಲಾರೆ.

ಮಿತಿಯನ್ನು ಐದಕ್ಕೆ ಇಳಿಸುತ್ತೀರಂತೆ. ಐದೇ ಇದ್ದಿದ್ದರೂ ನಾನು ಕರೆಯುತ್ತಿದ್ದೆ, ಅವರು ತಿರುಗುತ್ತಿದ್ದರು.

ಆ ಫೋಟೋ ಇದರ ಜೊತೆಗಿದೆ. ವೇಗದ ಮುಳ್ಳು ಹತ್ತರ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ನಗುತ್ತಿರುವ ಇವರ ಭುಜದ ಹಿಂದೆ, ದೋಣಿಯಲ್ಲಿ ಎದ್ದು ನಿಂತು, ಆತ ಎರಡೂ ಕೈ ಎತ್ತಿ ನಮ್ಮನ್ನು ಕೂಗುತ್ತಿದ್ದಾನೆ.

ನಿಮ್ಮ,
ಚಿನಕುರುಳಿ