ದಾಖಲೆಯಲ್ಲಿ ಅಕ್ಕ ಚಿಕ್ಕಮ್ಮನಾದಳು

ಕುರುಬರಹಳ್ಳಿ, ಬೆಂಗಳೂರು
೧೩-೨-೭೮

ಅವ್ವನಿಗೆ,

ಸಂಬಂಧದ ಪ್ರಮಾಣಪತ್ರ ಇವತ್ತು ಕೊಡುತ್ತೇವೆಂದಿದ್ದರು, ಕೊಡಲಿಲ್ಲ. ಊರಿನ ಪಂಚರ ಸಹಿ ಸಾಕೆಂದಿದ್ದರು, ಈಗ ಸಾಲದೆನ್ನುತ್ತಾರೆ. ಅದಿಲ್ಲದೆ ಅಮೆರಿಕದಿಂದ ಅಕ್ಕ ನನಗಾಗಿ ಹಾಕಿದ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ.

ಕಾರಣ ಕೇಳು. ಅಕ್ಕ ನಿನ್ನ ತವರಲ್ಲೇ ಹುಟ್ಟಿ ಬೆಳೆದಳಲ್ಲ, ಶಾಲೆಗೆ ಸೇರಿಸಲು ಹೋದ ಅಜ್ಜನ ಹೆಸರನ್ನೇ ಮಾಸ್ತರರು ತಂದೆಯ ಕಾಲಮಿನಲ್ಲಿ ಬರೆದುಬಿಟ್ಟಿದ್ದಾರೆ. ಅದನ್ನು ನೋಡಿ ರಾಜಾಜಿನಗರದ ಕಚೇರಿಯ ಗುಮಾಸ್ತ, "ನಿಮ್ಮ ತಾಯಿಗೂ ಇವ್ರಿಗೂ ಒಬ್ರೇ ಅಪ್ಪ. ಹಂಗಾದ್ರೆ ಇವ್ರು ಅಕ್ಕ ಅಲ್ಲ ಕಣ್ರೀ, ಚಿಕ್ಕಮ್ಮ! ಚಿಕ್ಕಮ್ಮ ಕರೆಸ್ಕೊಳ್ಳೋಕೆ ಕಾನೂನಿಲ್ಲ, ಹೋಗಿ ಸಾರ್" ಎಂದ. ಇಡೀ ಕಚೇರಿ ನಕ್ಕಿತು. ನಾನು ಮೇಜು ಗುದ್ದಿದೆ: "ಹಡದಾಕಿ ಇನ್ನೂ ಬದುಕ್ಯಾಳ್ರಿ. ಆಕಿನ್ನ ಬಿಟ್ಟು ಕಾಗದಾನ ಕೇಳ್ತೀರೇನು?" ಗಲಾಟೆಗೆ ಹೊರಬಂದ ಸಾಹೇಬರು, ತಾಯಿ ಬಂದರೆ ಹೇಳಿಕೆ ಬರೆದುಕೊಳ್ಳಲು ಒಪ್ಪಿದರು.

ನೀರು ಒಗ್ಗದೆ ನನಗೆ ಕೆಮ್ಮು ಇದೆ, ಜ್ವರವಿಲ್ಲ. ನೀನು ಶನಿವಾರದ ಬಸ್ಸಿಗೆ ಹೊರಡು. ಇಬ್ಬರನ್ನೂ ಹಡೆದವಳು ನಾನೇ ಎಂದು ಆ ಗುಮಾಸ್ತನ ಮುಖ ನೋಡಿ ಹೇಳಬೇಕು: ಸೋಮವಾರ, ಇಪ್ಪತ್ತನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಸೋಮಲಿಂಗಪ್ಪ