ಹೊರಗೆ ದೂತ ಬಂದು ನಿಂತಿದ್ದಾನೆ

ಮನೆಯಿಂದ,
ಮಂಗಳವಾರ ಬೆಳಿಗ್ಗೆ

ನನ್ನ ಮುದ್ದು ಗುಬ್ಬಿಗೆ ಅಜ್ಜಿಯ ಗಟ್ಟಿ ಅಪ್ಪುಗೆ.

ಹೇಗಿದ್ದೀಯೇ? ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಸೆಳೆಯುತ್ತದೆ ಅಂದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಊರಿಗೆಲ್ಲ ಮಾತ್ರೆ ಕೊಡುವವಳು ನಿನ್ನ ಕಾಲಿಗೆ ಒಂದಿಷ್ಟು ಎಣ್ಣೆ ಹಚ್ಚಿಕೊಳ್ಳಲು ಸೋಮಾರಿತನ ಮಾಡಬೇಡ. ನನ್ನ ಮೊಣಕಾಲು ಮುಷ್ಕರ ಹೂಡಿದೆ, ಗಂಟಲು ಮಾತ್ರ ಗಟ್ಟಿಯಾಗಿದೆ. ಹಾಲಿನವನನ್ನು ಮೂರನೇ ಮಹಡಿಯಿಂದಲೇ ತಡೆದು ನಿಲ್ಲಿಸುತ್ತೇನೆ. ನಿನ್ನ ಹಾಡಿನ ವಿಷಯ ಎತ್ತಕೂಡದೆಂದು ನಿನ್ನಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. "ಅವಳ ಪಾಡಿಗೆ ಅವಳನ್ನ ಬಿಡಮ್ಮಾ. ಕಾಲೇಜಿನ ವೇದಿಕೆ ಮೇಲೆ ಸಾಲು ಮರೆತು ಇಳಿದು ಬಂದೋಳು, ಈಗ ಸ್ನಾನ ಮಾಡೋವಾಗಲೂ ಗುನುಗಲ್ಲ" ಅಂದಿದ್ದಳು. ವರ್ಷವಿಡೀ ಆ ಮಾತು ಉಳಿಸಿಕೊಂಡೆ. ಇಂದು ಬೇಕೆಂದೇ ಮುರಿಯುತ್ತಿದ್ದೇನೆ.

ಮೂರು ದಿನ ರಜೆ ಒಟ್ಟಿಗೆ ಬಿತ್ತು ನೋಡು, ನಮ್ಮ ಹಳೆಯ ನಾಟಕ ಕಂಪನಿಯಲ್ಲಿ ಇನ್ನೂ ನಡೆದಾಡಬಲ್ಲ ಮೂವರೂ ದೊಡ್ಡ ಊರಿನ ರೈಲು ಹತ್ತಿದೆವು: ಜೀವಮಾನವೆಲ್ಲ ರಾಜನ ಪಾತ್ರವನ್ನೇ ಮಾಡಿದ ನಾನು, ನನಗೆ ಮೀಸೆ ಅಂಟಿಸುತ್ತಿದ್ದ ಬಣ್ಣದಕ್ಕ, ಪರದೆಯ ಮರೆಯಿಂದ ಮಾತು ಎತ್ತಿಕೊಡುತ್ತಿದ್ದ ಪ್ರಾಂಪ್ಟರಣ್ಣ. ಮೊದಲ ದಿನ ಸಿನಿಮಾ, ನಮಗೆ ಬಾಯಿಪಾಠವಾಗಿರುವ ಹಳೆಯ ಕಪ್ಪು-ಬಿಳುಪು ಚಿತ್ರ. ನಾಯಕ ಬಾಯಿ ತೆರೆಯುವ ಮುಂಚೆಯೇ ಪ್ರಾಂಪ್ಟರಣ್ಣ ಅವನ ಸಾಲು ಪಿಸುಗುಟ್ಟತೊಡಗಿದ. ಮುಂದೆ ಕೂತ ಹೆಂಗಸು ತಿರುಗಿ, "ತಾತ, ಅವರಿಗೆ ಬರುತ್ತೆ, ನೀವು ಸುಧಾರಿಸ್ಕೊಳ್ಳಿ" ಎಂದಳು. ಆಮೇಲೆ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಹುರಿದ ಮೀನು. ಬಾಯಲ್ಲಿ ನಾಲ್ಕು ಹಲ್ಲಿಲ್ಲದ ಬಣ್ಣದಕ್ಕ ನನ್ನ ತಟ್ಟೆಯದನ್ನೂ ಮುಗಿಸಿ, ಮೀನು ಸಣ್ಣದಾಯಿತೆಂದು ಮಾಣಿಯನ್ನು ಗದರಿದಳು.

ಮರುದಿನ ಸಂಜೆ ಸುಗಮ ಸಂಗೀತದ ಕಛೇರಿ. ಕಿಕ್ಕಿರಿದ ಸಭಾಂಗಣ, ಹೆಸರು ಮಾಡಿದ ಗಾಯಕಿ, ಹೆಚ್ಚುಕಡಿಮೆ ನಿನ್ನಮ್ಮನ ವಯಸ್ಸು. ಎರಡನೇ ಹಾಡಿನ ನಡುವೆ ಅವಳ ದನಿ ನಿಂತುಹೋಯಿತು. ಪಿಟೀಲಿನವನು ಅದೇ ಸಾಲನ್ನು ಸುತ್ತಿ ಸುತ್ತಿ ನುಡಿಸಿ ಕಾದ, ಕೊನೆಗೆ ಅವನ ಕಮಾನೂ ನಿಂತಿತು. ಗುಬ್ಬಿ, ಆ ಮೌನ ನಿನಗೆ ಗೊತ್ತು. ನನಗೆ ಎದುರಿಗೆ ಕಂಡದ್ದು ಅವಳಲ್ಲ, ನೀನು.

ನಮ್ಮ ಕಂಪನಿಯಲ್ಲಿ ಒಂದು ಕಟ್ಟಳೆಯಿತ್ತು. ಯಾರಾದರೂ ಮಾತು ಮರೆತರೆ, ಪಕ್ಕದಲ್ಲಿರುವವರು "ಮಹಾಪ್ರಭು, ಹೊರಗೆ ದೂತ ಬಂದು ನಿಂತಿದ್ದಾನೆ" ಎನ್ನಬೇಕು. ಮರೆತವರು ದೂತನನ್ನು ನೋಡುವ ನೆಪದಲ್ಲಿ ಪ್ರಾಂಪ್ಟರಣ್ಣನ ಕಡೆಗೆ ನಡೆದು, ಸಾಲು ಕೇಳಿಸಿಕೊಂಡು ತಿರುಗಿ ಬರಬೇಕು. ನಲವತ್ತು ವರ್ಷದ ಅಭ್ಯಾಸ ಕಣೇ, ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಬಣ್ಣದಕ್ಕ ತೋಳು ಹಿಡಿದು ಎಳೆಯುತ್ತಿದ್ದರೂ ಎದ್ದು ನಿಂತೆ. ಮೈಕಿಲ್ಲದ ಕಾಲದ ನನ್ನ ದನಿಯಲ್ಲಿ ಆ ದೂತನ ಆಗಮನವನ್ನು ಸಭೆಗೆಲ್ಲ ಸಾರಿಬಿಟ್ಟೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಗಾಯಕಿ ದೀಪಕ್ಕೆ ಕೈ ಅಡ್ಡ ಹಿಡಿದು ನನ್ನನ್ನು ಹುಡುಕಿ, "ಒಳಗೆ ಕಳಿಸಿ" ಎಂದವಳೇ ಹಾಡನ್ನು ಮೊದಲಿನಿಂದ ಎತ್ತಿಕೊಂಡು ಕೊನೆಮುಟ್ಟಿಸಿದಳು.

ಕಛೇರಿ ಮುಗಿದ ಮೇಲೆ ಪ್ರಾಣದಾತೆಯ ಠೀವಿಯಲ್ಲಿ ಅವಳ ಕೋಣೆಗೆ ಹೋದೆ. ಅವಳು ಕೈಹಿಡಿದು ಕೂರಿಸಿ ನೀರು ಕೊಟ್ಟು, ನನ್ನ ಕಿರೀಟವನ್ನು ಮೆಲ್ಲಗೆ ಇಳಿಸಿದಳು. "ಚೆನ್ನಾಗಿ ನಗಿಸಿದ್ರಿ ಅಜ್ಜಿ. ಆದ್ರೆ ನಿಮ್ಮ ದೂತ ಬರದಿದ್ರೂ ನಾನು ಇಳೀತಿರಲಿಲ್ಲ. ಮರೆತಾಗ ಸುಮ್ನೆ ನಿಂತಿರ್ತೀನಿ. ನಾಚಿಕೆ ಆಗುತ್ತೆ, ಆಗ್ಲಿ. ನಿಂತಿದ್ರೆ ಹಾಡು ತಾನಾಗಿ ಬರುತ್ತೆ" ಎಂದಳು. ನಲವತ್ತು ವರ್ಷ ದೂತರನ್ನು ನೆಚ್ಚಿಕೊಂಡು ಆಳಿದ ಮಹಾರಾಜನಿಗೆ ಇದು ಹೊಳೆದಿರಲಿಲ್ಲ. ಮೂರನೆಯ ದಿನ ಬಣ್ಣದಕ್ಕ, ಪ್ರಾಂಪ್ಟರಣ್ಣ ಇಬ್ಬರೂ ಇನ್ನೊಂದು ಸಿನಿಮಾಕ್ಕೆ ಹೋದರು. ನಾನು ಹೋಗದೆ, ಆ ಗಾಯಕಿಯ ತಾಲೀಮಿನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಯಾಕೆಂದು ಕೆಳಗೆ ಬರೆಯುತ್ತೇನೆ.

ನಿನ್ನಮ್ಮ ಕೆನ್ನೆಗೊಂದು ಮುತ್ತು ಕಳಿಸಿದ್ದಾಳೆ. ಈ ಕಾಗದ ಅವಳು ಓದಿಲ್ಲ, ಓದಿದರೆ ಯುದ್ಧ. ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿ ನಿದ್ದೆ ಮಾಡು. ನೂರು ಕಾಲ ಬಾಳು ಮಗಳೇ.

ನಿನ್ನ ಅಜ್ಜಿ,
ಮಾಜಿ ಮಹಾರಾಜ

ಮರೆತ ಮಾತು: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಆ ಗಾಯಕಿಗೆ ಹಿಂದೆ ನಿಂತು ಹಾಡುವವರು ಬೇಕಾಗಿದ್ದಾರೆ. ಅದಕ್ಕೇ ಆ ಬಾಗಿಲಲ್ಲಿ ಕೂತು ನಿನ್ನ ವಿಷಯವೆಲ್ಲ ಹೇಳಿದೆ, ವೇದಿಕೆಯಿಂದ ಇಳಿದು ಬಂದದ್ದನ್ನೂ. "ಅಜ್ಜಿ ಶಿಫಾರಸಿಗೆ ಬೆಲೆಯಿಲ್ಲ, ಅವಳೇ ಬಂದು ಹಾಡ್ಲಿ" ಎಂದಳು. ಬರುವ ಶುಕ್ರವಾರ ಬೆಳಿಗ್ಗೆ ನಿಮ್ಮ ಊರಿನಲ್ಲೇ ಇರುತ್ತಾಳೆ, ಬಸ್ ನಿಲ್ದಾಣದ ಹಿಂದಿನ ಸಭಾಭವನದಲ್ಲಿ. ಅಂಗಡಿಗೆ ಅರ್ಧ ದಿನ ರಜೆ ಹಾಕು. ಅವಳಿಗೆ ನಾನು ಮಾತು ಕೊಟ್ಟಿಲ್ಲ, ಕೊಡುವುದಿದ್ದರೆ ನೀನೇ ಕೊಡು. ಇನ್ನೊಂದು. ನಾನು ಬರುವುದಿಲ್ಲ. ರೈಲಿನ ಟಿಕೆಟ್ ತೆಗೆದಿದ್ದೆ, ನಿನ್ನೆ ಹೋಗಿ ಹಿಂದಿರುಗಿಸಿ ಬಂದೆ. ನಾನು ಸಭೆಯಲ್ಲಿದ್ದರೆ ಸುಮ್ಮನೆ ಕೂರುವವಳಲ್ಲ, ಅದು ನಿನಗೂ ಗೊತ್ತು. ಮರೆತರೆ ಅಲ್ಲೇ ನಿಂತಿರು, ಗುಬ್ಬಿ. ನಾನೂ ಇಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.